ಒಂದು ಸೇತುವೆ, ಎರಡು ಕೇಬಲ್

ಆಪ್ಟಿಕಲ್ ಕೇಬಲ್ಲಿನ ಒಳಗೆ ಒಂದು ಬಗೆಯ ಜೆಲ್ಲಿ ತುಂಬಿರುತ್ತಾರೆ, ಗಾಜಿನ ಎಳೆಗಳಿಗೆ ನೀರು ತಾಗದಿರಲಿ ಎಂದು. ಕೈಗೆ ಹತ್ತಿದರೆ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಎರಡು ದಿನ ಹೋಗುವುದಿಲ್ಲ. ಊಟಕ್ಕೆ ಕೂತರೆ ರೊಟ್ಟಿಗೂ ಅದೇ ವಾಸನೆ. ಮೊನ್ನೆ ಕುಡಚಿಯ ಹತ್ತಿರ ರಸ್ತೆ ಬದಿಯಲ್ಲಿ ತೋಡಿದ್ದ ಗುಂಡಿಯೊಂದನ್ನು ನೋಡಲು ಜೀಪಿನಿಂದ ಇಳಿದಾಗ, ಮಳೆಗೆ ನೆನೆದ ಎರೆಮಣ್ಣಿನ ಜೊತೆ ಆ ಜೆಲ್ಲಿಯ ವಾಸನೆಯೂ ಬಂತು. ಹನ್ನೆರಡು ವರ್ಷ ನಾನು ಈ ಕಡೆ ಕಾಲಿಟ್ಟಿರಲಿಲ್ಲ. ಕೆಲಸ ಬರಲಿಲ್ಲವೆಂದಲ್ಲ, ಬಂದಾಗಲೆಲ್ಲ ಬೇರೆಯವರನ್ನು ಕಳಿಸುತ್ತಿದ್ದೆ. ಈ ಸಲ ಕಳಿಸಲು ಯಾರೂ ಸಿಗಲಿಲ್ಲ.

ಎರಡು ಸಾವಿರದ ಮೊದಲ ದಶಕದ ನಡುವಿನ ಒಂದು ವರ್ಷ ಅದು. ನನಗಾಗ ಇಪ್ಪತ್ತಾರು. ದಾವಣಗೆರೆಯ ಹುಡುಗಿಯನ್ನು ಚಿಕ್ಕೋಡಿಗೆ, ದೂರವಾಣಿಯ ಟ್ರಾನ್ಸ್‌ಮಿಷನ್ ವಿಭಾಗಕ್ಕೆ ಹಾಕಿದ್ದರು. ಟ್ರಾನ್ಸ್‌ಮಿಷನ್ ಎಂದರೆ ಒಂದು ಎಕ್ಸ್‌ಚೇಂಜಿನಿಂದ ಇನ್ನೊಂದಕ್ಕೆ ಮಾತನ್ನು ಹೊತ್ತು ಮುಟ್ಟಿಸುವುದು. ಜನ ಫೋನನ್ನು ನೋಡುತ್ತಾರೆ, ಈ ನಡುವಿನ ಹೊರೆಯಾಳನ್ನು ನೋಡುವುದಿಲ್ಲ. ಕೆಟ್ಟಾಗ ಮಾತ್ರ ನೆನೆಯುತ್ತಾರೆ, ಅದೂ ಬೈಯುವುದಕ್ಕೆ. ನನಗೆ ಅದರಲ್ಲೂ ಒಂದು ವಿಶೇಷ ವಿದ್ಯೆ ಬರುತ್ತಿತ್ತು. ಯಂತ್ರದೊಳಗಿನ ಯಾವ ಕಾರ್ಡು ಎಷ್ಟು ವರ್ಷಕ್ಕೊಮ್ಮೆ ಕೆಡಬಹುದು, ರಿಪೇರಿಗೆ ಎಷ್ಟು ಗಂಟೆ ಹಿಡಿಯಬಹುದು ಎಂದು ಮೊದಲೇ ಅಂದಾಜು ಮಾಡಿ, ಇಡೀ ಜಾಲ ವರ್ಷದಲ್ಲಿ ಎಷ್ಟು ನಿಮಿಷ ಸತ್ತಿರುತ್ತದೆ ಎಂದು ಹೇಳುವ ವಿದ್ಯೆ. ಜ್ಯೋತಿಷಿಗಳಿಗೆ ಪಂಚಾಂಗ ಇದ್ದ ಹಾಗೆ ನನ್ನ ಹತ್ತಿರ ದಪ್ಪನೆಯ ಕೋಷ್ಟಕಗಳಿದ್ದವು. ಆ ಊರಿನಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ ಎಂಬ ಜಂಬ ಬೇರೆ.

ಕೃಷ್ಣೆಯ ಈ ದಂಡೆಗೆ ಚಿಕ್ಕೋಡಿ, ರಾಯಬಾಗ. ಆ ದಂಡೆಗೆ ಐನಾಪುರ, ಕಾಗವಾಡ. ಆ ದಂಡೆಯ ಸಣ್ಣ ಎಕ್ಸ್‌ಚೇಂಜುಗಳನ್ನೆಲ್ಲ ಈ ದಂಡೆಗೆ ಒಂದು ಉಂಗುರದಂತೆ ಸೇರಿಸುವ ಕೆಲಸ ಆ ವರ್ಷ ನಡೆಯುತ್ತಿತ್ತು. ಉಂಗುರದ ಗುಣ ಸರಳ. ಒಂದು ಕಡೆ ಕತ್ತರಿಸಿದರೆ ಮಾತು ಇನ್ನೊಂದು ಕಡೆಯಿಂದ ಸುತ್ತಿ ಹೋಗುತ್ತದೆ, ಮಾತಾಡುವವರಿಗೆ ಗೊತ್ತೂ ಆಗುವುದಿಲ್ಲ. ಅದಕ್ಕೆ ಹೊಳೆಯನ್ನು ಎರಡು ಕಡೆ ದಾಟಬೇಕು: ಒಂದು ಕೇಬಲ್ ಕೆಳಗಿನ ಸೇತುವೆಯ ಮೇಲೆ, ಇನ್ನೊಂದು ಹೊಳೆಯ ಹರಿವಿನಲ್ಲಿ ಹತ್ತಾರು ಮೈಲಿ ಮೇಲಿರುವ ಇನ್ನೊಂದು ಸೇತುವೆಯ ಮೇಲೆ. ನಕ್ಷೆಯಲ್ಲಿ ಹಾಗೆಯೇ ಇತ್ತು.

ನೆಲದ ಮೇಲೆ ಹಾಗಿಲ್ಲವೆಂದು ಮೊದಲು ಹೇಳಿದವರು ಮಾರುತಿ ಕಾಂಬಳೆ. ನಮ್ಮ ವಿಭಾಗದ ಕೇಬಲ್ ಜಾಯಿಂಟರ್, ಐವತ್ತು ದಾಟಿದ ಮನುಷ್ಯ. ಕಡಿದ ಎಳೆಗಳನ್ನು ಮತ್ತೆ ಬೆಸೆಯುವುದು ಅವರ ಕೆಲಸ. ಕೂದಲಿಗಿಂತ ದಪ್ಪವಿಲ್ಲದ ಗಾಜನ್ನು ಆ ದೊಡ್ಡ ಬೆರಳುಗಳಲ್ಲಿ ಹಿಡಿದು ಜೋಡಿಸುವುದನ್ನು ನೋಡುತ್ತ ನಾನು ಊಟ ಮರೆತದ್ದುಂಟು. ಮೇಲಿನ ಸೇತುವೆಯ ರಸ್ತೆ ಅಗಲ ಮಾಡುವುದಿದೆ ಎಂದು ಅಲ್ಲಿ ಅಗೆಯಲು ಅನುಮತಿ ಸಿಕ್ಕಿರಲಿಲ್ಲ. ಗುತ್ತಿಗೆದಾರ ಎರಡನೇ ಕೇಬಲ್ಲನ್ನೂ ಕೆಳಗಿನ ಸೇತುವೆಯ ಮೇಲೆಯೇ ಎಳೆದಿದ್ದ. ಒಂದು ಹೊಳೆ ಬರುವ ಕಡೆಯ, ಮೇಲ್ಮೊಗದ ಕಟಾಂಜನಕ್ಕೆ, ಇನ್ನೊಂದು ಹೊಳೆ ಹೋಗುವ ಕಡೆಯ, ಕೆಳಮೊಗದ ಕಟಾಂಜನಕ್ಕೆ. ಆ ದಂಡೆಯ ತುದಿಯಲ್ಲಿ ಎರಡೂ ಇಳಿದು ರಸ್ತೆಯ ಏರಿಯ ಮಣ್ಣಿನೊಳಗೆ ಒಂದೇ ಗುಂಡಿ ಸೇರುತ್ತಿದ್ದವು.

"ಮೇಡಂ, ಇದು ಎರಡ ದಾರಿ ಹೆಂಗ ಆಗತೈತ್ರಿ?" ಎಂದರು ಮಾರುತಿ. "ಒಂದ ಗೂಟಕ್ಕ ಎರಡ ಹಗ್ಗ ಕಟ್ಟಿದ್ರ, ಹಗ್ಗ ಹರಿಯಂಗಿಲ್ಲ ಖರೆ. ಗೂಟ ಕಿತ್ರ?"

ನನಗೆ ಗೊತ್ತಿತ್ತು. ಎರಡು ದಾರಿಗಳಿದ್ದರೆ ಒಂದು ಕೆಡುವ ಸಂಭವವನ್ನು ಇನ್ನೊಂದರ ಸಂಭವದಿಂದ ಗುಣಿಸಬೇಕು, ಆಗ ಬರುವ ಸಂಖ್ಯೆ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಅದಕ್ಕೊಂದು ಷರತ್ತಿದೆ: ಒಂದನ್ನು ಕೆಡಿಸುವ ಕಾರಣ ಇನ್ನೊಂದನ್ನೂ ಕೆಡಿಸುವಂತಿರಬಾರದು. ಪುಸ್ತಕದಲ್ಲಿ ಅದು ಒಂದೇ ಸಾಲು. ಮಾರುತಿ ಓದದೆಯೇ ಆ ಸಾಲಿಗೆ ಬಂದಿದ್ದರು. ನಾನು ಓದಿಯೂ ದಾಟಿಕೊಂಡು ಹೋದೆ.

ಯಾಕೆಂದರೆ ಮಾರ್ಚ್ ಬಂದಿತ್ತು. ಮಾರ್ಚ್ ಮೂವತ್ತೊಂದರೊಳಗೆ ಉಂಗುರ ಮುಗಿದಿದೆ ಎಂದು ತೋರಿಸದಿದ್ದರೆ ಮಂಜೂರಾದ ಕೆಲಸವೇ ವಾಪಸು ಹೋಗುತ್ತದೆ ಎಂದು ಸಾಹೇಬರು ಹೇಳಿದರು. ಅವರು ಕೆಟ್ಟವರಲ್ಲ, ಮುಂದಿನ ವರ್ಷ ಮೇಲಿನ ಸೇತುವೆಗೆ ಬದಲಾಯಿಸೋಣ ಎಂದರು. ನಾನು ನಕ್ಷೆಯಲ್ಲಿ ಸೇತುವೆಯನ್ನು ಬಹಳ ಅಗಲವಾಗಿ ಬರೆದೆ. ಮೇಲ್ಮೊಗ ಒಂದು ದಾರಿ, ಕೆಳಮೊಗ ಇನ್ನೊಂದು ದಾರಿ. 'ಎರಡು ಪ್ರತ್ಯೇಕ ಮಾರ್ಗಗಳು' ಎಂಬ ಪ್ರಮಾಣಪತ್ರದ ಕೆಳಗೆ ಸಹಿ ಮಾಡಿದೆ. ಜಾಲ ನೂರಕ್ಕೆ ಎಷ್ಟು ಪಾಲು ಹೊತ್ತು ಬದುಕಿರುತ್ತದೆ ಎಂಬ ಲೆಕ್ಕದಲ್ಲಿ ತೊಂಬತ್ತೊಂಬತ್ತರ ಮುಂದೆ ಒಂಬತ್ತುಗಳ ಉದ್ದ ಸಾಲು ಬಂತು. ಸಾಹೇಬರು ಪೇಢೆ ತರಿಸಿದರು. ಮಾರುತಿ ತಮ್ಮ ಪಾಲಿನ ಪೇಢೆಯನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡರು, ನನ್ನ ಎದುರಿಗೆ ತಿನ್ನಲಿಲ್ಲ.

ಏಪ್ರಿಲಿನಲ್ಲಿ ಆ ದಂಡೆಯ ಲೈನುಗಳನ್ನು ಪರೀಕ್ಷಿಸಲು ಹೋದೆವು. ಐನಾಪುರದ ಕೆಳಗೆ, ಹೊಳೆಗೆ ಹತ್ತಿಕೊಂಡು ಒಂದು ವಸ್ತಿ. ಹದಿನೈದು ಇಪ್ಪತ್ತು ಮನೆ, ಸುತ್ತಲೂ ಕಬ್ಬು. ಮುಂದೆ ಹೊಳೆ, ಹಿಂದೆ ಒಂದು ಹಳ್ಳ. ಅಲ್ಲಿ ಶೋಭಾ ಎಂಬಾಕೆ ತನ್ನ ಮನೆಯ ಪಡಸಾಲೆಯಲ್ಲೇ ಫೋನ್ ಬೂತ್ ಇಟ್ಟಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಗಂಡ ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದ. ಮೈದುನ ಸಿದ್ರಾಮ, ಅವನ ಹೆಂಡತಿ ಗಂಗವ್ವ ಅದೇ ಮನೆಯಲ್ಲಿದ್ದರು. ನೆಗೆಣ್ಣಿಯರಿಬ್ಬರೂ ಒಂದೇ ಒಲೆಯ ಮುಂದೆ ಕೂತು ನಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ, ಗಂಗವ್ವ ನನ್ನ ದಾವಣಗೆರೆ ಮಾತನ್ನು ಅಣಕಿಸಿ ತೋರಿಸಿದ್ದಳು. ಬ್ಯಾಡ ಬ್ಯಾಡ ಅಂದರೂ ಚಹಾ ಬಂತು.

"ಈ ಮನಿಗೆ ಬಂದು ಚಾ ಕುಡಿಲಾರ್ದ ಹೋದವ್ರು ಇನ್ನೂ ಹುಟ್ಟಿಲ್ರಿ," ಎಂದಳು ಶೋಭಾ.

ಆ ಫೋನಿಗೆ ಮಳೆಗಾಲದಲ್ಲಿ ಒಂದು ವಿಶೇಷ ಕೆಲಸವಿತ್ತು. ಮೇಲೆ ಮಹಾರಾಷ್ಟ್ರದ ಅಣೆಕಟ್ಟುಗಳಿಂದ ನೀರು ಬಿಟ್ಟರೆ, ಈ ದಂಡೆಯಲ್ಲಿದ್ದ ಪ್ರವಾಹದ ಕಂಟ್ರೋಲ್ ರೂಮಿನವರು ಹೊಳೆಸಾಲಿನ ವಸ್ತಿಗಳಿಗೆಲ್ಲ ಫೋನ್ ಮಾಡುತ್ತಿದ್ದರು. ಫೋನ್ ಬಂದ ಕೂಡಲೇ ಶೋಭಾ ಹಿತ್ತಾಳೆಯ ತಾಟು ಬಡಿಯುತ್ತ ಮನೆಮನೆಗೆ ಹೋಗಬೇಕು. ತಾಟಿನ ಸದ್ದು ಕೇಳಿದ ಮೇಲೆ ಜನ ದನಕರು ಹೊಡೆದುಕೊಂಡು ಹಿಂದಿನ ಹಳ್ಳ ದಾಟಿ ಎತ್ತರಕ್ಕೆ ಹೋಗಬೇಕು. ಹೊಳೆ ಏರುವುದು ಎಷ್ಟೇ ಕಣ್ಣಿಗೆ ಕಂಡರೂ ತಾಟು ಬಡಿಯದೆ ಯಾರೂ ಏಳುತ್ತಿರಲಿಲ್ಲ. ಹೊಳೆ ಪ್ರತಿ ವರ್ಷ ಹೆದರಿಸುತ್ತದೆ, ತಾಟು ಸುಳ್ಳು ಹೇಳಿಲ್ಲ ಎನ್ನುವರು.

"ಲೈನ್ ಕೆಟ್ಟಿದ್ದು ನಮಗ ಹೆಂಗ ಗೊತ್ತಾಗ್ಬೇಕ್ರಿ ಮೇಡಂ?" ಎಂದು ಕೇಳಿದಳು ಶೋಭಾ.

ನಾನು ಚಹಾ ಕುಡಿಯುತ್ತ ಹೇಳಿದೆ: "ಸುಲಭ. ರಿಸೀವರ್ ಎತ್ತಿ ನೋಡಿ. ಟೋನ್ ಬಂದರೆ ಲೈನ್ ಸರಿ ಇದೆ ಅಂತ ತಿಳಿಯಿರಿ. ಈಗಂತೂ ಎರಡು ದಾರಿ ಮಾಡಿದ್ದೇವೆ, ಕೆಡುವ ಮಾತೇ ಇಲ್ಲ."

ಮಾರುತಿ ಹೊರಗೆ ಕಂಬದ ಹತ್ತಿರ ಇದ್ದರು. ಒಳಗಿದ್ದಿದ್ದರೆ ನನ್ನನ್ನು ತಿದ್ದುತ್ತಿದ್ದರೋ ಏನೋ. ರಿಸೀವರ್ ಎತ್ತಿದಾಗ ಬರುವ ಟೋನ್ ಐನಾಪುರದ ಎಕ್ಸ್‌ಚೇಂಜಿನದು. ಅದು ಹೇಳುವುದು ಇಷ್ಟೇ: ನಿನ್ನ ಮನೆಯಿಂದ ಐನಾಪುರದವರೆಗೆ ತಂತಿ ಸರಿಯಿದೆ. ಅದರಾಚೆ ಹೊಳೆ ದಾಟಿ ಬರುವ ಕೇಬಲ್ ಸತ್ತಿದ್ದರೂ ಟೋನ್ ಅಷ್ಟೇ ಚೆಂದವಾಗಿ ಬರುತ್ತದೆ. ಒಂದನೇ ವರ್ಷದ ಟ್ರೈನಿಗೂ ಗೊತ್ತಿರುವ ಮಾತು. ಬೂತಿನ ಹೆಣ್ಣುಮಗಳಿಗೆ ಇಷ್ಟೆಲ್ಲ ಯಾಕೆ ಎಂದುಕೊಂಡೆ ಅಷ್ಟೆ.

ಆ ವರ್ಷದ ಮಳೆ ನಮ್ಮ ಕಡೆ ಬೀಳಲಿಲ್ಲ, ಬಿದ್ದದ್ದು ಘಟ್ಟದ ಮೇಲೆ. ಚಿಕ್ಕೋಡಿಯಲ್ಲಿ ವಾರಗಟ್ಟಲೆ ಬರೀ ಮೋಡ, ಜಿಟಿಜಿಟಿ, ಒಣಗದ ಬಟ್ಟೆ. ನಿಪ್ಪಾಣಿಗೆ ಹೋದರೆ ತಂಬಾಕಿನ ಗೋದಾಮುಗಳಿಂದ ಬೂಸಲು ಹಿಡಿದ ವಾಸನೆ. ನಾನು ಬಾಡಿಗೆಗಿದ್ದ ಮನೆಯೊಡತಿ ದಿನಾ ಬೆಳಿಗ್ಗೆ ಕಿಟಕಿ ತೆಗೆದು, "ಕಾಯ್ ಪಾವುಸ್ ಹಾ," ಇದೆಂಥ ಮಳೆ ಎಂದು ಮರಾಠಿಯಲ್ಲಿ ಗೊಣಗಿ, ಕನ್ನಡದಲ್ಲಿ ನನ್ನನ್ನು ಚಹಾಕ್ಕೆ ಕರೆಯುತ್ತಿದ್ದಳು. ಹೊಳೆ ಮಾತ್ರ ದಿನದಿನಕ್ಕೆ ಕೆಂಪಾಗಿ ಉಬ್ಬಿತು. ಕಬ್ಬಿನ ಗದ್ದೆಗಳ ಅಂಚು ಒಂದೊಂದಾಗಿ ಕಾಣದಾದವು.

ಆ ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾನು ಟ್ರಾನ್ಸ್‌ಮಿಷನ್ ಕೋಣೆಯಲ್ಲಿದ್ದೆ. ಒಂದು ಕೆಂಪು ದೀಪ ಹತ್ತಿತು. ಉಂಗುರದ ಒಂದು ಕಡೆ ಹೋಯಿತು, ಮಾತು ಇನ್ನೊಂದು ಕಡೆಯಿಂದ ಸುತ್ತಿ ಹೋಗುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಉಂಗುರದ ಕೈಚಳಕ ನೋಡುವ ಸಣ್ಣ ಖುಷಿಯೂ ಆಯಿತು. ಎರಡು ನಿಮಿಷಕ್ಕೆ ಎರಡನೇ ಕೆಂಪು ದೀಪ ಹತ್ತಿತು. ಆಗ ನನಗೆ ನೆನಪಾದದ್ದು ಆ ದಂಡೆಯ ಜನ ಅಲ್ಲ, ನನ್ನ ಸಹಿ.

ಮಾರುತಿಯವರ ಜೊತೆ ಸೇತುವೆಗೆ ಹೋದೆ. ಸೇತುವೆಗೆ ಏನೂ ಆಗಿರಲಿಲ್ಲ. ಆ ತುದಿಯ ಮಣ್ಣಿನ ಏರಿಯನ್ನು ಹೊಳೆ ಕೊರೆದು ಒಯ್ದಿತ್ತು. ಎರಡು ಕೇಬಲ್ಲುಗಳೂ ಅಲ್ಲಿ ಹರಿದು ನೀರಿನ ಮೇಲೆ ಜೋತಾಡುತ್ತಿದ್ದವು, ಒಂದು ಈ ಬದಿಗೆ, ಒಂದು ಆ ಬದಿಗೆ. ನಡುವೆ ನಾನು ನಕ್ಷೆಯಲ್ಲಿ ಅಗಲ ಮಾಡಿ ಬರೆದಿದ್ದ ಸೇತುವೆ. ಮಾರುತಿ ಬಗ್ಗಿ ನೋಡಿ, "ಗೂಟ ಕಿತ್ತೈತ್ರಿ," ಎಂದರು. ದಾಟಲು ದಾರಿ ಇರಲಿಲ್ಲ. ಪೊಲೀಸರ ವೈರ್‌ಲೆಸ್ ಆ ದಂಡೆಯ ದೊಡ್ಡ ಊರುಗಳಿಗೆ ಸುದ್ದಿ ಮುಟ್ಟಿಸಿತು. ವಸ್ತಿಗಳಿಗೆ ಅಲ್ಲಿಂದ ಮನುಷ್ಯ ಕೆಸರು ತುಳಿದು ಹೋಗಬೇಕಿತ್ತು. ಹೋಗುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು.

ವಸ್ತಿಯಲ್ಲಿ ಏನಾಯಿತೆಂದು ಮಾರುತಿ ನನಗೆ ಹೇಳಿದ್ದು ನೀರು ಇಳಿದ ಮೇಲೆ, ಹೊಸ ಕೇಬಲ್ ಬೆಸೆದು ಆ ದಂಡೆಗೆ ಹೋಗಿ ಬಂದ ಮೇಲೆ. ಬೆಳಿಗ್ಗೆ ಹತ್ತಕ್ಕೆ ಸಿದ್ರಾಮ ಬೂತಿಗೆ ಬಂದು, "ವೈನಿ, ಫೋನ್ ಬಂತೇನು?" ಎಂದು ಅತ್ತಿಗೆಯನ್ನು ಕೇಳಿದ್ದ. ಶೋಭಾ ರಿಸೀವರ್ ಎತ್ತಿ ನೋಡಿದ್ದಳು. ಟೋನ್ ಇತ್ತು. "ಲೈನ್ ಛಲೋ ಐತಿ. ನೀರ ಬಿಟ್ಟಿದ್ರ ಫೋನ್ ಮಾಡ್ತಿದ್ರು," ಎಂದಳು. ಹನ್ನೊಂದಕ್ಕೆ ಮತ್ತೆ ಬಂದ, ಮತ್ತೆ ಎತ್ತಿ ನೋಡಿದಳು, ಮತ್ತೆ ಟೋನ್. ಸಿದ್ರಾಮ ಎಮ್ಮೆಗಳನ್ನು ಕೆಳಗಿನ ಕೊಟ್ಟಿಗೆಯಲ್ಲೇ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಹೊಳೆಯ ನೀರು ಹಿಂದಿನ ಹಳ್ಳಕ್ಕೆ ಒತ್ತಿ ಬಂದು ವಸ್ತಿ ನಡುಗಡ್ಡೆಯಾಯಿತು. ಶೋಭಾ ಫೋನಿಗೆ ಕಾಯದೆ ತಾಟು ಬಡಿದಳು. ಜನ ಎದೆಮಟ್ಟದ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಹಳ್ಳ ದಾಟಿದರು. ಸಿದ್ರಾಮ ಹೆಂಡತಿಯನ್ನು ದಾಟಿಸಿ ಎಮ್ಮೆಗಳನ್ನು ಬಿಚ್ಚಲು ತಿರುಗಿ ಹೋದ. ಎಮ್ಮೆಗಳು ಈಜಿ ದಡ ಸೇರಿದವು. ಅವನು ಮೂರನೇ ದಿನ ಕೆಳಗಿನ ಕಬ್ಬಿನ ಹೊಲದಲ್ಲಿ ಸಿಕ್ಕ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕಂಟ್ರೋಲ್ ರೂಮಿನ ಗುಮಾಸ್ತರು ಆ ಬೆಳಿಗ್ಗೆ ಒಂಬತ್ತರ ಮೇಲೆ ಶೋಭಾಳ ನಂಬರಿಗೆ ಆರು ಸಲ ಫೋನ್ ಹಚ್ಚಿದ್ದರು. ಆರೂ ಸಲ ಎಂಗೇಜ್ ಟೋನ್ ಬಂದಿತ್ತು, ಹಾಗೆಂದು ವಹಿಯಲ್ಲಿ ಬರೆದಿದ್ದರು. ಮುಂದಿನ ದಾರಿ ಕಡಿದಿದ್ದರೆ ಈ ದಂಡೆಯ ಎಕ್ಸ್‌ಚೇಂಜ್ ಕೊಡುವ ಟೋನೂ ಕೇಳುವವರಿಗೆ ಹೆಚ್ಚು ಕಡಿಮೆ ಎಂಗೇಜಿನ ಹಾಗೆಯೇ ಇರುತ್ತದೆ. ಗುಮಾಸ್ತರಿಗೆ ಅದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಮಾತು ವಸ್ತಿಗೆ ಬರುವಷ್ಟರಲ್ಲಿ ಹೀಗಾಗಿತ್ತು: ನೀರು ಬರುತ್ತಿದೆ ಎಂದು ಸರಕಾರದವರು ಬಡಕೊಳ್ಳುತ್ತಿದ್ದಾಗ ಶೋಭಾ ತವರುಮನೆಯವರ ಜೊತೆ ಫೋನಿನಲ್ಲಿ ಹರಟುತ್ತಿದ್ದಳು, ಅದಕ್ಕೇ ಮೈದುನ ಹೋದ.

"ಗಂಗವ್ವ ಅಕಿ ಕೂಡ ಮಾತ ಬಿಟ್ಟಾಳ್ರಿ. ಮನಿ ನಡುವ ಗ್ವಾಡಿ ಎಬ್ಬಿಸ್ಯಾರ, ಎರಡ ಒಲಿ ಆಗ್ಯಾವ," ಎಂದರು ಮಾರುತಿ. "ನಾ ಹೇಳಿ ನೋಡೀನ್ರಿ, ಕೇಬಲ್ ಹರದಿತ್ತು, ಈ ಹೆಣ್ಮಗಳ ತಪ್ಪಿಲ್ಲಂತ. ಕಾಗದದಾಗ ಎರಡ ದಾರಿ ಅದಾವಂತ ಐತಿ, ಎರಡೂ ಒಮ್ಮೆಲೇ ಹೆಂಗ ಹರೀತಾವ ಅಂತ ಕೇಳ್ತಾರ. ಜಾಯಿಂಟರ್ ಮಾತ ಯಾರ ನಂಬ್ತಾರ್ರಿ? ನೀವ್ ಒಂದ ಸಲ ಬಂದು ಹೇಳ್ರಿ. ಸಾಕು."

ಬರುತ್ತೇನೆ, ವರದಿ ಮುಗಿಯಲಿ ಎಂದೆ.

ವರದಿ ಮುಗಿಯಿತು. ನೆರೆ, ಸಿಡಿಲು, ಭೂಕಂಪಗಳಿಂದ ಜಾಲ ಸತ್ತ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಿಯಮವಿತ್ತು. ಸಾಹೇಬರು ಅದನ್ನು ಬೆರಳಿಟ್ಟು ತೋರಿಸಿದರು. ನಾನು 'ನೈಸರ್ಗಿಕ ವಿಕೋಪ' ಎಂದು ಬರೆದೆ. ಆ ದಿನಗಳನ್ನು ತೆಗೆದ ಮೇಲೆ ವರ್ಷದ ಒಂಬತ್ತುಗಳು ಸಾಲಾಗಿ ಹಾಗೆಯೇ ಉಳಿದವು, ನಾನು ಮಾರ್ಚಿನಲ್ಲಿ ಹೇಳಿದ ಭವಿಷ್ಯ ನಿಜವಾಗಿತ್ತು. ಸೇತುವೆಯ ಮಾತು ಎಲ್ಲೂ ಬರಲಿಲ್ಲ. ಬಂದಿದ್ದರೆ ಪ್ರಮಾಣಪತ್ರ ಯಾರದ್ದೆಂದು ಕೇಳುತ್ತಿದ್ದರು. ನನಗೆ ಕೆಲಸ ಕಾಯಂ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆದರಿದ್ದೆ. ಇದಕ್ಕೆ ಬೇರೆ ಹೆಸರು ಹುಡುಕಿ ಹುಡುಕಿ ಸಾಕಾಗಿದೆ.

ದೀಪಾವಳಿಗೆ ಹುಬ್ಬಳ್ಳಿಗೆ ವರ್ಗವಾಯಿತು, ಕೇಳಿ ಹಾಕಿಸಿಕೊಂಡಿದ್ದೆ. ಬಸ್ ನಿಲ್ದಾಣಕ್ಕೆ ಮಾರುತಿ ಬಂದಿದ್ದರು. "ಐನಾಪುರಕ್ಕ ಹೋಗಿ ಬಂದ್ರೇನ್ರಿ?" ಎಂದು ಕೇಳಿದರು. "ಬರುವ ವಾರ ಅಲ್ಲಿಂದಲೇ ಬರ್ತೀನಿ," ಎಂದೆ. ಅವರು ನನ್ನ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿ, ಅಲುಗಾಡದಂತೆ ಕಟ್ಟಿ, ಕೆಳಗಿಳಿದು ಕೈ ಮುಗಿದರು. ಅವರು ನಿವೃತ್ತರಾದ ಎರಡು ವರ್ಷಕ್ಕೆ ತೀರಿಹೋದ ಸುದ್ದಿ ಹುಬ್ಬಳ್ಳಿಗೆ ಬಂತು. ನಾನು ಆಗಲೂ ಹೋಗಲಿಲ್ಲ. ಅಷ್ಟರಲ್ಲಿ ಹೊಸಬರಿಗೆ ಪಾಠ ಹೇಳುವವಳಾಗಿದ್ದೆ. ಎರಡು ದಾರಿ ಅಂದರೆ ಎರಡು ಸೇತುವೆ ಎಂದು ಪ್ರತಿ ತಂಡಕ್ಕೂ ಹೇಳುತ್ತಿದ್ದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನ್ನ ಬುದ್ಧಿ ಸಂಬಳ ತರುವ ಬುದ್ಧಿಯಾಗಿತ್ತು.

ಮೊನ್ನೆ ಕುಡಚಿಯ ಗುಂಡಿಯ ಮುಂದೆ ಆ ವಾಸನೆ ಬಂದ ಮೇಲೆ ಡ್ರೈವರನಿಗೆ ಸೇತುವೆ ದಾಟಿಸು ಎಂದೆ.

ವಸ್ತಿ ಅಲ್ಲೇ ಇದೆ. ಬೂತ್ ಇಲ್ಲ, ಆ ಪಡಸಾಲೆಯಲ್ಲಿ ಶೋಭಾ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಕೂದಲು ನೆರೆತಿತ್ತು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕದಲ್ಲೇ ಆ ಗೋಡೆ, ಅದರಾಚೆ ಗಂಗವ್ವನ ಬಾಗಿಲು.

ನಾನು ನಿಂತೇ ಎಲ್ಲ ಹೇಳಿದೆ. ಸೇತುವೆ, ಎರಡು ಕೇಬಲ್, ನನ್ನ ಸಹಿ, ಟೋನಿನ ವಿಷಯ, ಎಂಗೇಜ್ ಯಾಕೆ ಬಂತು ಎಂಬುದು. ಅವಳು ಯಂತ್ರದ ಮೇಲಿನ ಬಟ್ಟೆಯನ್ನು ತೆಗೆಯದೆ ಕೇಳಿದಳು.

"ಅವತ್ತ ನಾ ಯಾರ ಕೂಡಾನೂ ಮಾತಾಡಿಲ್ಲ ಅನ್ನೂದು ನನಗ ಗೊತ್ತೈತ್ರಿ," ಎಂದಳು ಕೊನೆಗೆ. "ನನಗ್ಯಾಕ ಹೇಳ್ತೀರಿ? ಬಾಜೂಕ ಅದಾಳ, ಅಕಿಗೆ ಹೇಳ್ರಿ."

ಗಂಗವ್ವ ಹೊಸ್ತಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಗೋಡೆ ತೆಳ್ಳಗಿತ್ತು, ಅರ್ಧ ಕೇಳಿಸಿಕೊಂಡಿರಬೇಕು. ನಾನು ಮತ್ತೊಮ್ಮೆ ಹೇಳಿದೆ. ಅವಳು ತಲೆ ಎತ್ತಲಿಲ್ಲ. ಮುಗಿದ ಮೇಲೆ ಕೇಳಿದಳು: "ಬಾಯಿಲೇ ಆ ಜಾಯಿಂಟರನೂ ಹೇಳಿದ್ದ. ಬರದು ಕೊಡ್ತೀರೇನು?"

ಮಾರ್ಚಿನಲ್ಲಿ ಸಹಿ ಮಾಡಲು ನನಗೆ ಅರ್ಧ ನಿಮಿಷ ಹಿಡಿದಿತ್ತು. ಈಗ ಪೆನ್ನು ಹುಡುಕುವುದಕ್ಕೇ ಬಹಳ ಹೊತ್ತಾಯಿತು. ಜೀಪಿನ ಮೂತಿಯ ಮೇಲೆ ಕಾಗದ ಇಟ್ಟು ಕನ್ನಡದಲ್ಲಿ ಬರೆದೆ. ಎರಡೂ ಕೇಬಲ್ ಒಂದೇ ಸೇತುವೆಯ ಮೇಲಿದ್ದವು, ಅದು ಗೊತ್ತಿದ್ದೂ ನಾನು ಎರಡು ದಾರಿ ಎಂದು ಬರೆದುಕೊಟ್ಟೆ, ಟೋನ್ ಬಂದರೆ ಲೈನ್ ಸರಿ ಎಂದು ಶೋಭಾಗೆ ಹೇಳಿದವಳೂ ನಾನೇ, ಆ ದಿನ ಅವಳ ಫೋನಿಗೆ ಹೊರಗಿನ ಕರೆ ಬರುವ ದಾರಿಯೇ ಇರಲಿಲ್ಲ. ಕೆಳಗೆ ಹೆಸರು, ಸಹಿ.

ಗಂಗವ್ವನಿಗೆ ಓದಲು ಬರುತ್ತಿರಲಿಲ್ಲ. ಕಾಗದವನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಆಮೇಲೆ ಎದ್ದು, ಗೋಡೆಯ ತುದಿ ಸುತ್ತಿ ಶೋಭಾಳ ಪಡಸಾಲೆಗೆ ಹೋಗಿ, ಕಾಗದವನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟಳು.

"ಓದು," ಎಂದಳು.

ಶೋಭಾ ಓದಿದಳು. ಅವಳ ದನಿ ಎರಡು ಕಡೆ ನಿಂತಿತು. ನಿಂತಲ್ಲಿ ಗಂಗವ್ವ ಕಾದಳು. "ಕೆಳಗ ಸಹಿ ಐತಿ," ಎಂದು ಮುಗಿಸಿದಳು.

ಗಂಗವ್ವ ಆಗ ಮೊದಲ ಸಲ ನನ್ನನ್ನು ನೇರ ನೋಡಿದಳು. "ಇದನ್ನ ಅವಾಗ ಬರದು ಕೊಟ್ಟಿದ್ರ ಹೋದ ನನ್ನ ಗಂಡ ತಿರುಗಿ ಬರ್ತಿದ್ದಿಲ್ಲ, ಅದು ನನಗೂ ತಿಳಿತೈತಿ," ಎಂದಳು. "ಆದ್ರ ಇಕಿ ಹನ್ನೆರಡ ವರ್ಷ ನಮ್ಮ ಕೂಡ ಇರ್ತಿದ್ಲು."

ಶೋಭಾ ಕಣ್ಣು ಒರೆಸಿಕೊಂಡು, ಅಭ್ಯಾಸದಂತೆ ಒಳಗೆ ಹೋಗಿ ಒಲೆಯ ಮೇಲೆ ಚಹಾದ ಪಾತ್ರೆ ಇಟ್ಟು, ಎಷ್ಟು ನೀರು ಹಾಕಲಿ ಎನ್ನುವಂತೆ ಬಾಗಿಲಿಗೆ ಬಂದು ನಿಂತಳು.

"ಎರಡ ಕಪ್ ಸಾಕು," ಎಂದಳು ಗಂಗವ್ವ. "ನಮ್ಮಿಬ್ಬರಿಗಷ್ಟ ಇಡು."